ವೋಲ್ಟ್, ಆಂಪ್ ಎರಡೂ ಕೈಲಿದ್ದರೆ: ರೋಧ ಮತ್ತು ವ್ಯಾಟ್ ಲೆಕ್ಕ, ಬಚ್ಚಲಮನೆಯಿಂದ ಬೋರ್‌ವೆಲ್‌ವರೆಗೆ

"ಕರೆಂಟ್ ಡಲ್ ಐತೋ ತಮ್ಮಾ, ಮೋಟರ್ ನೀರ್ ಎತ್ತವಲ್ದು."

ಬೇಸಿಗೆ ಬಂತೆಂದರೆ ಇಂಡಿ ತಾಲ್ಲೂಕಿನ ಲಿಂಬೆ ತೋಟದಿಂದ ನಮ್ಮ ಕಾಕಾ ಫೋನ್ ಮಾಡಿ ಹೇಳುವ ಮೊದಲ ಮಾತು ಇದು. ಒಂದು ಸಲ ವಿಜಯಪುರದಿಂದ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದುಕೊಂಡೇ ಹೋದೆ. ನೋಡಿದರೆ ಕರೆಂಟ್ ಡಲ್ ಇರಲಿಲ್ಲ. ದಿನಕ್ಕಿಂತ ಜಾಸ್ತಿ ಇತ್ತು! ಕಡಿಮೆ ಇದ್ದದ್ದು ವೋಲ್ಟೇಜ್.

ತಪ್ಪು ಕಾಕಾನದಲ್ಲ. ನಮ್ಮ ಮಾತಿನಲ್ಲಿ ಕರೆಂಟ್ ಅನ್ನುವ ಒಂದೇ ಪದ ಎಲ್ಲ ಕಡೆ ದುಡಿಯುತ್ತದೆ. ಕರೆಂಟ್ ಹೋಯ್ತು, ಕರೆಂಟ್ ಬಂತು, ಕರೆಂಟ್ ಹೊಡೀತು, ಕರೆಂಟ್ ಬಿಲ್. ಮಾತಿಗೆ ಅದು ಸಾಕು, ಲೆಕ್ಕಕ್ಕೆ ಸಾಲದು. ವೋಲ್ಟೇಜ್ ಒಂದನ್ನೇ ನೋಡಿದರೂ ಸಾಲದು. ಎರಡು ಅಂಕಿ ಬೇಕು, ಅದೂ ಯಂತ್ರ ಓಡುತ್ತಿರುವಾಗ ತೆಗೆದದ್ದು. ಅವೆರಡು ಸಿಕ್ಕರೆ ಉಳಿದದ್ದು ಒಂದು ಭಾಗಾಕಾರ, ಒಂದು ಗುಣಾಕಾರ.

ಮೊದಲು ನಾಲ್ಕು ಪದ

ನಿಮ್ಮ ಹೊಲದಲ್ಲಿ ಡ್ರಿಪ್ ಇದ್ದರೆ ಅದನ್ನೇ ನೆನಪಿಸಿಕೊಳ್ಳಿ. ಫಿಲ್ಟರ್ ಹತ್ತಿರ ಒತ್ತಡ ತೋರಿಸುವ ಗೇಜ್ ಇರುತ್ತದಲ್ಲ, ಅದು ವೋಲ್ಟ್. ತಾಸಿಗೆ ಎಷ್ಟು ನೀರು ಹರಿಯುತ್ತದೆ ಅನ್ನುವುದು ಆಂಪಿಯರ್, ಬಾಯಿಮಾತಿನಲ್ಲಿ ಆಂಪ್. ಸಣ್ಣ, ಉದ್ದ ಪೈಪು ನೀರಿಗೆ ಅಡ್ಡ ಬರುತ್ತದೆ. ಆ ಅಡ್ಡಿಯೇ ರೋಧ, ಅಳೆಯುವುದು ಓಮ್‌ನಲ್ಲಿ. ಒತ್ತಡವೂ ಹರಿವೂ ಸೇರಿ ಎಷ್ಟು ಕೆಲಸ ಆಗುತ್ತಿದೆ ಎಂದು ಹೇಳುವುದು ವ್ಯಾಟ್. ಶಾಲೆಯ ಪುಸ್ತಕದಲ್ಲಿ ಇವಕ್ಕೆ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ, ವಿದ್ಯುತ್ ಸಾಮರ್ಥ್ಯ ಎಂಬ ಹೆಸರುಗಳಿವೆ.

ಸೂತ್ರ ಎರಡೇ:

ರೋಧ = ವೋಲ್ಟ್ ÷ ಆಂಪ್
ವ್ಯಾಟ್ = ವೋಲ್ಟ್ × ಆಂಪ್

ಮೊದಲನೆಯದು ಜರ್ಮನಿಯ ಮೇಷ್ಟ್ರು ಗಿಯೋರ್ಗ್ ಓಮ್ 1827ರಲ್ಲಿ ಅಚ್ಚು ಹಾಕಿಸಿದ ನಿಯಮ. ಬೇರೆ ಬೇರೆ ಉದ್ದದ ತಂತಿಗಳನ್ನು ಕಟ್ಟಿ ಅಳೆದು ನೋಡಿಯೇ ಅವರು ಅಲ್ಲಿಗೆ ಮುಟ್ಟಿದ್ದು. ನಾವೂ ಅದನ್ನೇ ಮಾಡೋಣ.

ಸಾಮಾನು, ಮತ್ತೆ ಜೀವದ ಮಾತು

ಒಂದು ಮಲ್ಟಿಮೀಟರ್ ಬೇಕು. ಮೈಮೇಲೆ ಕ್ಯಾಟ್ 3 (ಅದು ಸುರಕ್ಷತೆಯ ದರ್ಜೆ), 600 ವೋಲ್ಟ್ ಎಂದು ಬರೆದಿರಲಿ. ಆಂಪ್ ಅಳೆಯಲು ಟಾಂಗ್ ಟೆಸ್ಟರ್ ಇದ್ದರೆ ಒಳ್ಳೆಯದು. ಕ್ಲ್ಯಾಂಪ್ ಮೀಟರ್ ಅಂದರೂ ಅದೇ. ವೈರ್ ಕತ್ತರಿಸದೆ, ಸುಮ್ನೆ ಸುತ್ತ ದವಡೆ ಹಾಕಿದರೆ ಸಾಕು. ಎರಡೂ ಕೊಳ್ಳುವುದು ಬೇಡ ಅನ್ನಿಸಿದರೆ ಪ್ಲಗ್‌ಗೆ ಚುಚ್ಚುವ ಪವರ್ ಮೀಟರ್ ಸಿಗುತ್ತದೆ. ವೋಲ್ಟ್, ಆಂಪ್, ವ್ಯಾಟ್ ಮೂರನ್ನೂ ಅದೇ ತೋರಿಸುತ್ತದೆ. ಮನೆಯ ಸಾಮಾನಿಗೆ ನನ್ನ ಓಟು ಅದಕ್ಕೇ.

ಜನ ಹೆಚ್ಚಾಗಿ ಎಡವುವುದು ಒಂದು ಕಡೆ. ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪ್ ತೂತಿನಲ್ಲಿ ಮರೆತುಬಿಟ್ಟು, ಹಾಗೇ ಸಾಕೆಟ್‌ನಲ್ಲಿ ವೋಲ್ಟ್ ನೋಡಲು ಹೋಗುತ್ತಾರೆ. ಆಂಪ್ ತೂತಿನ ಒಳಗೆ ರೋಧ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಫೇಸು ನ್ಯೂಟ್ರಲ್ಲು ಎರಡನ್ನೂ ನೇರ ಜೋಡಿಸಿದ ಹಾಗೆ. ಫಟ್ ಅಂತ ಬೆಂಕಿ ಬರುತ್ತದೆ. ಪ್ರತಿ ಸಲ ತಂತಿಯ ತುದಿಯ ಮುಳ್ಳು ಚುಚ್ಚುವ ಮೊದಲು ತಂತಿ ಯಾವ ತೂತಿನಲ್ಲಿದೆ ನೋಡಿಕೊಳ್ಳಿ. ಓಮ್ ಅಳೆಯುವಾಗಲಂತೂ ಸಾಮಾನು ಪ್ಲಗ್‌ನಿಂದ ಪೂರ್ತಿ ಹೊರಗಿರಬೇಕು.

ಒದ್ದೆ ಕೈ, ಬರಿಗಾಲು ಬೇಡ. ಮೋಟರಿನ ತ್ರೀ ಫೇಸ್ ಪೆಟ್ಟಿಗೆ ತೆರೆಯುವುದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅವರು ಮೀಟರ್ ಹಿಡಿಯಲಿ, ನೀವು ಅಂಕಿ ಬರೆದುಕೊಳ್ಳಿ.

ಹೆಜ್ಜೆ 1: ವೋಲ್ಟ್ ನೋಡುವುದು

ನೀರು ಕಾಯಿಸುವ ರಾಡಿನಿಂದ ಶುರು ಮಾಡೋಣ. ಈ ಲೆಕ್ಕಕ್ಕೆ ಅಷ್ಟು ಸಾಧು ಸಾಮಾನು ಇನ್ನೊಂದಿಲ್ಲ. ಒಳಗೆ ಬರೀ ನೈಕ್ರೋಮ್ ತಂತಿ. ಬಿಸಿಯಾದರೂ ಅದರ ರೋಧ ಹೆಚ್ಚು ಬದಲಾಗುವುದಿಲ್ಲ.

ರಾಡನ್ನು ಮೊದಲು ಬಕೆಟ್ ನೀರಿಗೆ ಇಳಿಬಿಡಿ, ಆಮೇಲೆ ಸ್ವಿಚ್ ಹಾಕಿ. ಸ್ವಿಚ್ ತೆಗೆದು, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟುವುದು. ಮೀಟರನ್ನು ಏಸಿ ವೋಲ್ಟ್‌ಗೆ ತಿರುಗಿಸಿ, ಅದೇ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ಮುಳ್ಳು ಇಡಿ. ರಾಡ್ ಓಡುತ್ತಿರುವಾಗಲೇ ನೋಡಬೇಕು. ಖಾಲಿ ಸಾಕೆಟ್ 230 ತೋರಿಸಿದರೆ ಖುಷಿಪಡುವ ಹಾಗಿಲ್ಲ. ಕೆಲಸ ಬಿದ್ದಾಗ ಅದು ಎಷ್ಟಕ್ಕೆ ಇಳಿಯುತ್ತದೆ ಅನ್ನುವುದೇ ಮುಖ್ಯ.

ನಮ್ಮ ಬಚ್ಚಲಮನೆ ಪಕ್ಕದ ಬೋರ್ಡಿನಲ್ಲಿ ಬಂದದ್ದು 218 ವೋಲ್ಟ್.

ಹೆಜ್ಜೆ 2: ಆಂಪ್ ನೋಡುವುದು

ಟಾಂಗ್ ಟೆಸ್ಟರಿನ ದವಡೆಯನ್ನು ರಾಡಿನ ಇಡೀ ವೈರಿಗೆ ಹಾಕಿದರೆ ಸೊನ್ನೆ ಬರುತ್ತದೆ. ಮೀಟರ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಕೊಟ್ಟುಬಿಡಬೇಡಿ. ಫೇಸಿನಲ್ಲಿ ಹೋದದ್ದೇ ನ್ಯೂಟ್ರಲ್‌ನಲ್ಲಿ ತಿರುಗಿ ಬರುತ್ತದೆ, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ದವಡೆಯೊಳಗೆ ಒಂದೇ ತಂತಿ ಇರಬೇಕು. ಅದಕ್ಕೊಂದು ಉಪಾಯ: ಗಿಡ್ಡ ಎಕ್ಸ್‌ಟೆನ್ಷನ್ ಮಾಡಿಸಿ, ಹೊರಗಿನ ಕವಚವನ್ನಷ್ಟೇ ಒಂದು ಗೇಣು ಬಿಡಿಸಿ ಇಟ್ಟುಕೊಳ್ಳಿ. ಒಳಗಿನ ಕೆಂಪು, ಕಪ್ಪು, ಹಸಿರು ತಂತಿಗಳ ಪ್ಲಾಸ್ಟಿಕ್ ಹಾಗೇ ಇರಬೇಕು, ಒಂದು ಗೀರೂ ಬೀಳಬಾರದು. ಕೆಂಪಿಗೆ ದವಡೆ ಹಾಕಿ.

ನನಗೆ ಸಿಕ್ಕಿದ್ದು 6.2 ಆಂಪ್.

ಹೆಜ್ಜೆ 3: ಭಾಗಿಸಿ, ಗುಣಿಸಿ

ರೋಧ = 218 ÷ 6.2 = 35.2 ಓಮ್
ವ್ಯಾಟ್ = 218 × 6.2 = 1352 ವ್ಯಾಟ್

ರಾಡಿನ ಮೇಲೆ ಅಚ್ಚಾಗಿದ್ದದ್ದು 1500 ವ್ಯಾಟ್, 230 ವೋಲ್ಟ್. ಹಾಗಾದರೆ 148 ವ್ಯಾಟ್ ಎಲ್ಲಿ ಹೋಯಿತು? ಕಂಪನಿ ಮೋಸ ಮಾಡಿತಾ? ಇಲ್ಲ. ಅಚ್ಚಿನ ಅಂಕಿಯಿಂದ ರೋಧ ತೆಗೆದು ನೋಡಿ. 1500 ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿದರೆ 6.52 ಆಂಪ್. 230 ಭಾಗಿಸು 6.52 ಅಂದರೆ 35.3 ಓಮ್. ನಾನು ಅಳೆದದ್ದೂ ಅಷ್ಟೇ. ರಾಡ್ ಪ್ರಾಮಾಣಿಕವಾಗಿದೆ, ಅದಕ್ಕೆ ಸಿಗಬೇಕಾದ ವೋಲ್ಟೇಜ್ ಸಿಕ್ಕಿಲ್ಲ. ವಾರಂಟಿ ಕಾರ್ಡ್ ಹುಡುಕುವ ಮೊದಲು ಈ ಒಂದು ಲೆಕ್ಕ ಮಾಡಿ.

ಮೂರನೇ, ನಾಲ್ಕನೇ ಸೂತ್ರ ಎಲ್ಲಿಂದ ಬಂತು?

ಮೊದಲೆರಡನ್ನು ಒಂದರೊಳಗೊಂದು ಸೇರಿಸಿದರೆ ಇನ್ನೆರಡು ಹುಟ್ಟುತ್ತವೆ:

ವ್ಯಾಟ್ = ಆಂಪ್ × ಆಂಪ್ × ರೋಧ
ವ್ಯಾಟ್ = ವೋಲ್ಟ್ × ವೋಲ್ಟ್ ÷ ರೋಧ

ಇಲ್ಲಿ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ತಲೆ ಕೆಡುತ್ತದೆ. ಒಂದರ ಪ್ರಕಾರ ರೋಧ ಹೆಚ್ಚಾದರೆ ವ್ಯಾಟ್ ಹೆಚ್ಚು, ಇನ್ನೊಂದರ ಪ್ರಕಾರ ಕಡಿಮೆ. ಯಾವುದು ಸರಿ? ಎರಡೂ ಸರಿ. ನಿಮ್ಮ ಜಾಗದಲ್ಲಿ ಯಾವ ಅಂಕಿ ಗಟ್ಟಿ ನಿಂತಿದೆ ಅನ್ನುವುದನ್ನು ನೋಡಬೇಕು, ಅಷ್ಟೇ.

ಮನೆಯ ಸಾಕೆಟ್‌ನಲ್ಲಿ ಗಟ್ಟಿ ಇರುವುದು ವೋಲ್ಟೇಜ್. ರಾಡ್ ಹಾಕಿ, ಇಸ್ತ್ರಿ ಹಾಕಿ, ಸುಮಾರು 230 ಇರುತ್ತದೆ. ಅಲ್ಲಿ ನಾಲ್ಕನೇ ಸೂತ್ರ. ರೋಧ ಕಡಿಮೆ ಇರುವ ರಾಡೇ ಜಾಸ್ತಿ ಕಾಯಿಸುತ್ತದೆ. 1000 ವ್ಯಾಟಿನದು 52.9 ಓಮ್, 1500 ವ್ಯಾಟಿನದು 35.3. ಆದರೆ ರಾಡಿಗೆ ಹೋಗುವ ವೈರಿನಲ್ಲಿ ಎಷ್ಟು ಆಂಪ್ ಹರಿಯಬೇಕೆಂದು ತೀರ್ಮಾನಿಸುವುದು ರಾಡು, ವೈರಲ್ಲ. ವೈರಿನ ಪಾಲಿಗೆ ಆಂಪ್ ಗಟ್ಟಿ. ಅಲ್ಲಿ ಮೂರನೇ ಸೂತ್ರ. ವೈರಿನ ರೋಧ ಹೆಚ್ಚಾದಷ್ಟೂ ವೈರೇ ಕಾಯುತ್ತದೆ.

ವೈರ್ ತಿನ್ನುವ ವ್ಯಾಟ್

ನನ್ನ ಮಟ್ಟಿಗೆ ಈ ಇಡೀ ಲೆಕ್ಕದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಇದೇ. ರಾಡ್ ಓಡುತ್ತಿದ್ದಾಗಲೇ ಮೀಟರ್ ಬೋರ್ಡಿನ ಹತ್ತಿರದ ಸಾಕೆಟ್‌ನಲ್ಲೂ ನೋಡಿದೆ. ಅಲ್ಲಿ 226 ವೋಲ್ಟ್. ಬಚ್ಚಲಮನೆ ಹತ್ತಿರ 218. ನಡುವೆ 8 ವೋಲ್ಟ್ ಮಾಯ. ನಡುವೆ ಇದ್ದದ್ದು ನಾನೇ ಕಟ್ಟಿದ ಎಕ್ಸ್‌ಟೆನ್ಷನ್, 30 ಮೀಟರ್ ಉದ್ದ, 1 ಸ್ಕ್ವೇರ್ ಎಂಎಂ ದಪ್ಪದ ವೈರ್, ಮಧ್ಯೆ ಟೇಪ್ ಸುತ್ತಿದ ಒಂದು ಜಾಯಿಂಟ್.

8 ÷ 6.2 = 1.29 ಓಮ್
8 × 6.2 = ಸುಮಾರು 50 ವ್ಯಾಟ್

ಸ್ನಾನದ ನೀರು ಕಾಯಬೇಕಾದ 50 ವ್ಯಾಟ್ ಗೋಡೆ ಪಕ್ಕದ ವೈರನ್ನು ಕಾಯಿಸುತ್ತಿತ್ತು.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬಹುದು. 1 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 18 ಓಮ್. ಹೋಗುವುದು 30 ಮೀಟರ್, ಬರುವುದು 30. ಒಟ್ಟು 60 ಮೀಟರಿಗೆ 1.08 ಓಮ್ ಆಯಿತು. ಅಳೆದದ್ದು 1.29. ಮಿಕ್ಕ 0.21 ಓಮ್ ಜಾಯಿಂಟಿನದು ಮತ್ತು ಪ್ಲಗ್ಗಿನದು. ಅಷ್ಟೇನಾ ಅನ್ನಬೇಡಿ. 6.2 × 6.2 × 0.21 ಅಂದರೆ 8 ವ್ಯಾಟ್. ಉದ್ದಕ್ಕೂ ಹರಡಿದ 42 ವ್ಯಾಟಿಗಿಂತ ಹೆಬ್ಬೆರಳಷ್ಟು ಜಾಗದಲ್ಲಿ ಕೂತ ಈ 8 ವ್ಯಾಟೇ ಅಪಾಯ. ನನ್ನ ಜಾಯಿಂಟಿನ ಟೇಪ್ ಮೆತ್ತಗಾಗಿ ಅಂಟು ಸೋರುತ್ತಿತ್ತು. ವಾರಗಟ್ಟಲೆ ನೋಡಿಯೂ ಬಿಸಿಲಿಗೆ ಹಾಗಾಗಿದೆ ಎಂದುಕೊಂಡಿದ್ದೆ.

ಕಿತ್ತು ಎಸೆದು, 2.5 ಸ್ಕ್ವೇರ್ ಎಂಎಂ ವೈರನ್ನು ಜಾಯಿಂಟ್ ಇಲ್ಲದೆ ಎಳೆಸಿ, 16 ಆಂಪ್ ಸಾಕೆಟ್ ಹಾಕಿಸಿದೆ. ನಿಮಗೂ ಬೇಕಾಗಬಹುದು ಎಂದು ತಾಮ್ರದ ಅಂಕಿಗಳನ್ನು ಕೊಡುತ್ತೇನೆ. ಕಿಲೋಮೀಟರಿಗೆ 1.5 ಸ್ಕ್ವೇರ್ ಎಂಎಂಗೆ ಸುಮಾರು 12 ಓಮ್, 2.5ಕ್ಕೆ 7.4, 4ಕ್ಕೆ 4.6, 6ಕ್ಕೆ 3.1. ಅಲ್ಯೂಮಿನಿಯಂ ಆದರೆ ಇದರ ಒಂದೂವರೆ ಪಟ್ಟಿಗಿಂತ ತುಸು ಜಾಸ್ತಿ.

ದೊಡ್ಡವರೂ ಇದೇ ಲೆಕ್ಕಕ್ಕೆ ಹೆದರುತ್ತಾರೆ. ನಮ್ಮ ಜಿಲ್ಲೆಯ ಕೂಡಗಿ ಸ್ಥಾವರದ ಒಂದೊಂದು ಘಟಕ 800 ಮೆಗಾವ್ಯಾಟ್. ಅಷ್ಟನ್ನೂ ಮೋಟರಿಗೆ ಬರುವ 400 ವೋಲ್ಟ್‌ನಲ್ಲೇ ಕಳಿಸಿದರೆ ತಂತಿಯಲ್ಲಿ 11 ಲಕ್ಷ ಆಂಪ್ ದಾಟುತ್ತದೆ. ಅದನ್ನೇ 400 ಕಿಲೋವೋಲ್ಟ್‌ಗೆ ಏರಿಸಿದರೆ ಸುಮಾರು 1155 ಆಂಪ್ ಸಾಕು. ಆಂಪ್ ಸಾವಿರ ಪಟ್ಟು ಇಳಿದರೆ ತಂತಿಯಲ್ಲಿ ಸುಡುವುದು ಹತ್ತು ಲಕ್ಷ ಪಟ್ಟು ಇಳಿಯುತ್ತದೆ. ಹೊಲದ ಮೇಲೆ ಅಷ್ಟೆತ್ತರದ ಟವರ್ ನಿಂತಿರುವುದು ಇದಕ್ಕೇ.

ಟ್ರ್ಯಾಕ್ಟರಿನ 12 ವೋಲ್ಟ್‌ನಲ್ಲಿ ಇದು ಉಲ್ಟಾ ಕಚ್ಚುತ್ತದೆ. 55 ವ್ಯಾಟಿನ ಹೆಡ್‌ಲೈಟಿಗೆ 4.6 ಆಂಪ್ ಬೇಕು. ತುಕ್ಕು ಹಿಡಿದ ಕನೆಕ್ಷನ್ನಿನಲ್ಲಿ ಅರ್ಧ ಓಮ್ ಕೂತರೆ ಎರಡು ವೋಲ್ಟ್ ಅಲ್ಲೇ ಹೋಯಿತು. 230ರಲ್ಲಿ ಎರಡು ಹೋದರೆ ಗೊತ್ತೇ ಆಗುವುದಿಲ್ಲ, 12ರಲ್ಲಿ ಲೈಟು ಕೆಂಪಗಾಗುತ್ತದೆ.

ಓಮ್ ಮೀಟರ್ ಇದ್ದರೆ ಸಾಲದಾ?

ರಾಡಿಗೆ ಸಾಕು. ಪ್ಲಗ್ ಕಿತ್ತು ಓಮ್ ಅಳೆದರೂ 35ರ ಆಸುಪಾಸೇ ಬರುತ್ತದೆ. ಬಲ್ಬಿಗೆ ಆಗದು. ಕೋಳಿಮರಿಗೆ ಶಾಖ ಕೊಡಲು ಈಗಲೂ ಇಡುವ 100 ವ್ಯಾಟಿನ ಹಳೇ ಬಲ್ಬ್ ತೆಗೆದುಕೊಳ್ಳಿ. ಉರಿಯುವಾಗ ಅದರ ರೋಧ 529 ಓಮ್. ತಣ್ಣಗಿರುವಾಗ ಅಳೆದರೆ 40ರ ಹತ್ತಿರ. ಟಂಗ್‌ಸ್ಟನ್ ಕಾದಂತೆ ಅದರ ರೋಧ ಹಾಗೆ ಏರುತ್ತದೆ. ಸ್ವಿಚ್ ಒತ್ತಿದ ಮೊದಲ ಕ್ಷಣ ಅದು ಎಳೆಯುವುದು 5 ಆಂಪ್‌ಗೂ ಜಾಸ್ತಿ, ಆಮೇಲೆ 0.43. ಹಳೇ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ಹೋಗುತ್ತಿದ್ದವು, ನೆನಪಿದೆಯಲ್ವಾ?

ಮೋಟರಿಗಂತೂ ಬೇಡವೇ ಬೇಡ. ಒಂದು ಮೋಟರಿನ ಎರಡು ತುದಿಗಳ ನಡುವೆ 4 ಓಮ್ ಬಂತು ಅಂದುಕೊಳ್ಳಿ. 400ನ್ನು 4ರಿಂದ ಭಾಗಿಸಿದರೆ 100 ಆಂಪ್! ಆದರೆ ಓಡುವಾಗ ಅದು ಎಳೆಯುವುದು ಎಂಟೋ ಒಂಬತ್ತೋ. ಮೋಟರ್ ತಿರುಗುವಾಗ ಸುರುಳಿಯಲ್ಲಿ ಆಂಪ್ ತಡೆಯುವುದು ತಾಮ್ರದ ರೋಧ ಒಂದೇ ಅಲ್ಲ, ಅಯಸ್ಕಾಂತದ ಎದುರೇಟೂ ಇದೆ. ಮೋಟರಿನಲ್ಲಿ ಓಮ್ ಅಳೆಯುವುದು ಮೂರೂ ಜೋಡಿ ಒಂದೇ ಸಮ ಇವೆಯಾ, ಸುರುಳಿ ಸುಟ್ಟಿಲ್ಲವಾ ಎಂದು ನೋಡಲಿಕ್ಕೆ ಮಾತ್ರ.

ಹೆಜ್ಜೆ 4: ಮೋಟರಿನ ವ್ಯಾಟ್

ಈಗ ಕಾಕಾನ ಬೋರ್‌ವೆಲ್‌ಗೆ ಬನ್ನಿ. 5 ಎಚ್‌ಪಿ ಸಬ್‌ಮರ್ಸಿಬಲ್, ತ್ರೀ ಫೇಸ್. ಸೂತ್ರದಲ್ಲಿ ಎರಡು ಸಾಮಾನು ಸೇರುತ್ತವೆ:

ವ್ಯಾಟ್ = 1.732 × ವೋಲ್ಟ್ × ಆಂಪ್ × ಪವರ್ ಫ್ಯಾಕ್ಟರ್

ವೋಲ್ಟ್ ಅಂದರೆ ಎರಡು ಫೇಸುಗಳ ನಡುವಿನದು. 1.732 ಅನ್ನುವುದು 3ರ ವರ್ಗಮೂಲ, ಮೂರು ಫೇಸು ಇರುವುದಕ್ಕೆ. ಪವರ್ ಫ್ಯಾಕ್ಟರ್ ಅಂದರೆ ಎಳೆದ ಆಂಪ್‌ನಲ್ಲಿ ನಿಜವಾದ ಕೆಲಸಕ್ಕೆ ಬಿದ್ದ ಪಾಲು. ರಾಡಿಗೆ ಅದು 1. ಇಂಥ ಮೋಟರಿಗೆ 0.8 ಎಂದು ಹಿಡಿಯಬಹುದು, ಮೋಟರಿನ ಪಟ್ಟಿಯಲ್ಲಿ ಬರೆದಿದ್ದರೆ ಅದನ್ನೇ ಹಾಕಿ. ಮೂರೂ ಫೇಸಿನ ಆಂಪ್ ಬೇರೆ ಬೇರೆ ನೋಡಿ ಸರಾಸರಿ ತೆಗೆಯಿರಿ. ಒಂದರಲ್ಲಿ ಸೊನ್ನೆ ಬಂದರೆ ಲೆಕ್ಕ ಆಮೇಲೆ, ಮೊದಲು ಮೋಟರ್ ಬಂದ್ ಮಾಡಿ.

ವೋಲ್ಟೇಜ್ ಚೆನ್ನಾಗಿದ್ದ ದಿನ ಬಂದದ್ದು 400 ವೋಲ್ಟ್, 8.5 ಆಂಪ್.

1.732 × 400 × 8.5 × 0.8 = ಸುಮಾರು 4700 ವ್ಯಾಟ್

ಒಂದು ಎಚ್‌ಪಿ ಅಂದರೆ 746 ವ್ಯಾಟ್. 5 ಎಚ್‌ಪಿಗೆ 3730. ಅಷ್ಟನ್ನು ತಿರುಗಣೆಗೆ ಕೊಡಲು ಮೋಟರ್ 4700 ತಿನ್ನುತ್ತದೆ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಸರಿಯಾಗೇ ಇದೆ.

"ಡಲ್" ಇದ್ದ ಆ ಮಧ್ಯಾಹ್ನ ಬಂದದ್ದು 320 ವೋಲ್ಟ್, 10.6 ಆಂಪ್. ಗುಣಿಸಿ ನೋಡಿ, ಮತ್ತೆ 4700! ಬಾವಿಯ ಆಳ ಅಷ್ಟೇ, ಎತ್ತಬೇಕಾದ ನೀರು ಹೆಚ್ಚುಕಮ್ಮಿ ಅಷ್ಟೇ. ವೋಲ್ಟ್ ಇಳಿದರೆ ಮೋಟರ್ ಆಂಪ್ ಏರಿಸಿಕೊಂಡು ಹೊರೆ ಹೊರುತ್ತದೆ. ರಾಡ್ ಹಾಗಲ್ಲ. ವೋಲ್ಟ್ ಇಳಿದರೆ ಅದರ ಆಂಪೂ ಇಳಿಯುತ್ತದೆ. 180 ವೋಲ್ಟ್‌ನಲ್ಲಿ ನಮ್ಮ ರಾಡ್ ಬರೀ 919 ವ್ಯಾಟ್. 20 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು 230 ವೋಲ್ಟ್‌ನಲ್ಲಿ ಹಿಡಿಯುವ 19 ನಿಮಿಷದ ಬದಲು 30 ನಿಮಿಷ ಬೇಕು. ಯೂನಿಟ್ ಎರಡೂ ಸಲ ಅರ್ಧದ ಹತ್ತಿರವೇ. ರಾಡಿಗೆ ಕಡಿಮೆ ವೋಲ್ಟೇಜ್ ಅಂದರೆ ಆಲಸ್ಯ, ಮೋಟರಿಗೆ ಜ್ವರ.

ಎಷ್ಟು ಜ್ವರ? ಸುರುಳಿಯ ಬಿಸಿಗೆ ಮೂರನೇ ಸೂತ್ರ. 10.6ನ್ನು 8.5ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ 1.55. ಅಂದರೆ ಶೇ 55 ಜಾಸ್ತಿ ಬಿಸಿ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆಗುತ್ತಿದ್ದದ್ದು ಅದಕ್ಕೇ. ಪಕ್ಕದ ಹೊಲದವರು ಅಷ್ಟೊತ್ತಿಗೆ ಸಲಹೆ ಕೊಟ್ಟಾಗಿತ್ತು: "ರಿಲೇ ಹನ್ನೆರಡಕ್ಕ ತಿರುವಿ ಬಿಡ್ರಿ, ಟ್ರಿಪ್ ಹೊಡಿಯಂಗಿಲ್ಲ." ನಿಜ, ಟ್ರಿಪ್ ಹೊಡೆಯುವುದಿಲ್ಲ. ಮೋಟರ್ ಸುಡುತ್ತದೆ. ರಿಲೇ ಜಗಳಗಂಟಿಯಲ್ಲ, ಕಾವಲುಗಾರ. ಮೋಟರ್ ಪಟ್ಟಿಯಲ್ಲಿ ಬರೆದ ಆಂಪ್‌ಗಿಂತ ಅದನ್ನು ಮೇಲೆ ತಿರುಗಿಸಬೇಡಿ.

"ಅಂದ್ರ ಕರೆಂಟ್ ಕಡಿಮಿ ಇದ್ದಾಗ ಕರೆಂಟ್ ಜಾಸ್ತಿ ಅಂತೀ?" ಎಂದರು ಕಾಕಾ.

"ವೋಲ್ಟೇಜ್ ಕಡಿಮಿ ಇದ್ದಾಗ, ಕಾಕಾ."

ಲೈನಿನ ವೋಲ್ಟೇಜ್ ನಮ್ಮ ಕೈಲಿಲ್ಲ. ಕೇಬಲ್ ನಮ್ಮ ಕೈಲಿದೆ. ಸ್ಟಾರ್ಟರಿನಿಂದ ಪಂಪಿನವರೆಗೆ 200 ಮೀಟರ್, 2.5 ಸ್ಕ್ವೇರ್ ಎಂಎಂ ಇತ್ತು. ಒಂದು ಎಳೆಗೆ 1.48 ಓಮ್. ಮೂರು ಎಳೆಯಲ್ಲಿ ಸುಡುವುದು 3 × 8.5 × 8.5 × 1.48, ಅಂದರೆ 321 ವ್ಯಾಟ್. ದಾರಿಯಲ್ಲಿ ಕಳೆಯುವುದು 1.732 × 8.5 × 1.48 × 0.8, ಅಂದರೆ 17 ವೋಲ್ಟ್. 6 ಸ್ಕ್ವೇರ್ ಎಂಎಂ ಹಾಕಿದರೆ 134 ವ್ಯಾಟ್, 7 ವೋಲ್ಟ್. ಉಳಿಯುವ 10 ವೋಲ್ಟ್ ಒಳ್ಳೆಯ ದಿನ ದೊಡ್ಡದಲ್ಲ, 320 ಇರುವ ದಿನ ದೊಡ್ಡದು. ಪಂಪ್ ಮೇಲೆತ್ತುವ ಸಂದರ್ಭ ಬಂದಾಗ ಕೇಬಲ್ಲನ್ನೂ ಬದಲಿಸುವುದೆಂದು ಗೊತ್ತಾಯಿತು. ಅಲ್ಲಿಯವರೆಗೆ 350 ದಾಟುವವರೆಗೂ ಸ್ಟಾರ್ಟರ್ ಒತ್ತಬಾರದು ಎಂದು ಪೆಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಾರೆ.

ಹೆಜ್ಜೆ 5: ಲೆಕ್ಕ ಸರಿಯೋ ಎಂದು ತಾಳೆ ನೋಡುವುದು

ಇದಕ್ಕೆ ಯಾವ ಸಾಮಾನೂ ಬೇಡ. ಮನೆಯ ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200. ಉಳಿದೆಲ್ಲ ಬಂದ್ ಮಾಡಿ, ಅಳೆಯಬೇಕಾದ ಒಂದನ್ನೇ ಓಡಿಸಿ. 20 ಮಿಣುಕಿಗೆ ಎಷ್ಟು ಸೆಕೆಂಡ್ ಎಂದು ಮೊಬೈಲ್‌ನಲ್ಲಿ ನೋಡಿ. ಮೊದಲ ಮಿಣುಕನ್ನು ಸೊನ್ನೆ ಎಂದು ಎಣಿಸಬೇಕು, ಒಂದು ಎಂದಲ್ಲ.

ವ್ಯಾಟ್ = 36,00,000 × ಮಿಣುಕು ÷ (3200 × ಸೆಕೆಂಡ್)

3200ರ ಜಾಗದಲ್ಲಿ ನಿಮ್ಮ ಮೀಟರಿನ ಅಂಕಿ ಹಾಕಿ. ಹೊಸ ವೈರ್ ಎಳೆದ ಮೇಲೆ ನಮ್ಮ ರಾಡಿಗೆ 20 ಮಿಣುಕು 15.5 ಸೆಕೆಂಡ್ ಹಿಡಿಯಿತು. ಅಂದರೆ 1452 ವ್ಯಾಟ್. ಪವರ್ ಫ್ಯಾಕ್ಟರ್ ತಲೆನೋವೂ ಇಲ್ಲಿಲ್ಲ, ಮೀಟರೇ ಅದನ್ನು ಕಳೆದಿರುತ್ತದೆ. ಫ್ಯಾನ್, ಎಲ್‌ಇಡಿ, ಟಿವಿಯಂಥವಕ್ಕೆ ಬರೀ ವೋಲ್ಟ್‌ನ್ನು ಆಂಪ್‌ನಿಂದ ಗುಣಿಸಿದರೆ ಉತ್ತರ ಜಾಸ್ತಿ ಬರುತ್ತದೆ, ಹಾಗಾಗಿ ಅವಕ್ಕೆ ಈ ಮಿಣುಕಿನ ದಾರಿಯೇ ಒಳ್ಳೆಯದು. ವ್ಯಾಟ್ ಸಿಕ್ಕ ಮೇಲೆ ತಾಸಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್. ಗೃಹಜ್ಯೋತಿಯ ಮಿತಿಯೊಳಗೆ ತಿಂಗಳು ಸಾಗಿಸಬೇಕು ಅನ್ನುವವರು ರಾಡಿನ ಮೇಲೆ ಮೊದಲು ಕಣ್ಣಿಡಿ: ದಿನಕ್ಕೆ ಒಂದು ತಾಸು ಓಡಿದರೆ ಅದೊಂದೇ ತಿಂಗಳಿಗೆ 45 ಯೂನಿಟ್‌ವರೆಗೆ ಹೋಗುತ್ತದೆ.

ಮಿಣುಕಿನ ಲೆಕ್ಕಕ್ಕೂ ನಿಮ್ಮ ಗುಣಾಕಾರಕ್ಕೂ ನೂರಿನ್ನೂರು ವ್ಯಾಟ್ ವ್ಯತ್ಯಾಸ ಬಂದರೆ ಅಡುಗೆಮನೆಗೆ ಹೋಗಿ ನೋಡಿ. ನೀವು ಎಣಿಸುವಾಗ ಫ್ರಿಜ್ ಶುರುವಾಗಿರುತ್ತದೆ.